ಏಳಡಿ ಕಬೋರ್ಡ್, ಹನ್ನೊಂದು ವಾರ, 1,31,222 ರೂಪಾಯಿ

ಕಬೋರ್ಡ್ ಕೆಲಸ ಮುಗಿದು ಇವತ್ತಿಗೆ ಎಂಟು ದಿನ. ನಿನ್ನೆ ರಾತ್ರಿ ಬಿಲ್ಲು, ಚೀಟಿ, ಫೋನಿನಲ್ಲಿ ಕಳಿಸಿದ ದುಡ್ಡಿನ ಲೆಕ್ಕ ಎಲ್ಲ ಮೇಜಿನ ಮೇಲೆ ಹರಡಿಕೊಂಡು ಕೂಡಿಸಿದೆ. 1,31,222 ರೂಪಾಯಿ. ಶುರು ಮಾಡುವಾಗ ನಮ್ಮ ಯಜಮಾನರಿಗೆ ನಾನು ಹೇಳಿದ್ದು "ಎಪ್ಪತ್ತು, ತಪ್ಪಿದರೆ ಎಂಬತ್ತು ಸಾವಿರ" ಅಂತ. ಯಾರೂ ನಮಗೆ ಮೋಸ ಮಾಡಲಿಲ್ಲ. ನಮಗೆ ಏನು ಕೇಳಬೇಕು ಅಂತಲೇ ಗೊತ್ತಿರಲಿಲ್ಲ, ಅಷ್ಟೇ. ಮಳೆಗಾಲ ಮುಗಿದ ಮೇಲೆ ಮನೆ ಕೆಲಸ ಹಿಡಿಯುವವರು ತುಂಬ ಜನ ಇರುತ್ತೀರಿ, ಅದಕ್ಕೇ ಎಲ್ಲ ನೆನಪಿರುವಾಗಲೇ ಬರೆದುಬಿಡೋಣ ಅಂತ ಕೂತಿದ್ದೇನೆ.

ನಮ್ಮದು ಬೆಂಗಳೂರಿನ ಮೈಸೂರು ರಸ್ತೆ ಕಡೆಯ ಇಪ್ಪತ್ತೆರಡು ವರ್ಷದ ಹಳೇ ಮನೆ. ಮಾವನವರು ಕಟ್ಟಿಸಿದ್ದು. ಅಪ್ಪ ಹೋದ ಮೇಲೆ ಅಮ್ಮ ತಿಪಟೂರಿನಲ್ಲಿ ಒಬ್ಬರೇ ಇದ್ದರು, ಈ ಜೂನ್ ಮೊದಲ ವಾರ ಅವರನ್ನು ಇಲ್ಲಿಗೇ ಕರೆದುಕೊಂಡು ಬಂದೆವು. ಬರುವಾಗ ಅವರು ತಂದದ್ದು ಒಂದು ಕಬ್ಬಿಣದ ಟ್ರಂಕು, ಎರಡು ಬ್ಯಾಗು. ಹಿಂದಿನ ರೂಮು ಅವರಿಗೆ ಅಂತ ಮೊದಲೇ ಅಂದುಕೊಂಡಿದ್ದೆವು. ಆ ರೂಮಿನಲ್ಲಿ ಆಗಿನ ಕಾಲದ ಎಲ್ಲ ಮನೆಗಳ ಹಾಗೆ ಗೋಡೆಯಲ್ಲೇ ಗೂಡು ಬಿಟ್ಟು ಕಡಪ ಕಲ್ಲಿನ ಹಲಗೆ ಕೂರಿಸಿದ್ದರು. ಏಳಡಿ ಅಗಲ, ಏಳಡಿ ಎತ್ತರ, ಒಂದೂವರೆ ಅಡಿ ಆಳ. ಮೇಲೆ ಸಜ್ಜಾ, ಅದರ ಮೇಲೆ ಎರಡೂವರೆ ಅಡಿ ಖಾಲಿ ಜಾಗ. ಮುಂದಿನ ಮರದ ಬಾಗಿಲುಗಳನ್ನು ಗೆದ್ದಲು ತಿಂದು ಹಾಕಿತ್ತು. ಒಂದು ಬಾಗಿಲನ್ನು ಬೆರಳಿನಲ್ಲಿ ಒತ್ತಿದರೆ ಬಿಸ್ಕತ್ತಿನ ಹಾಗೆ ಒಳಗೆ ಹೋಗುತ್ತಿತ್ತು.

ಹಳೇದನ್ನೆಲ್ಲ ಕಿತ್ತು, ಮುಂದಕ್ಕೆ ಅರ್ಧ ಅಡಿ ತಂದು, ಎರಡಡಿ ಆಳದ ಹೊಸ ಕಬೋರ್ಡ್ ಮಾಡಿಸೋಣ, ಮೇಲಿನ ಲಾಫ್ಟಿಗೂ ಬಾಗಿಲು ಹಾಕಿಸೋಣ ಅಂತ ತೀರ್ಮಾನ ಮಾಡಿದೆವು.

ಮೊದಲ ಎರಡು ವಾರ ರೇಟು ಕೇಳುವುದರಲ್ಲೇ ಹೋಯಿತು. ತಲೆ ಕೆಟ್ಟಿದ್ದೂ ಇಲ್ಲೇ. ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಬಂದದ್ದು ಫ್ಯಾಕ್ಟರಿಯಲ್ಲಿ ಮಾಡಿ ತಂದು ಕೂರಿಸುವ ಮಾಡ್ಯುಲರ್ ಕಂಪನಿಯವರು. ಚೆನ್ನಾಗಿ ಮಾತಾಡಿದರು, ಟ್ಯಾಬಿನಲ್ಲಿ ಚಿತ್ರ ಬರೆದು ತೋರಿಸಿದರು. ಕೆಳಗಿನ 49 ಚದರಡಿಗೆ ತಲಾ 1,750 ರೂಪಾಯಿ, ಲಾಫ್ಟಿನ 17.5 ಚದರಡಿಗೆ ತಲಾ 1,100 ರೂಪಾಯಿ. ಎರಡೂ ಸೇರಿ 1,05,000. ಅದರ ಮೇಲೆ 18% ಜಿಎಸ್‌ಟಿ 18,900. ಒಟ್ಟು 1,23,900. ಕಡಪ ಕಲ್ಲು ತೆಗೆಯುವುದು, ಗೋಡೆ ಸರಿ ಮಾಡುವುದು ನಮ್ಮದೇ ಖರ್ಚು. ಡ್ರಾಯರ್ ಎರಡೇ, ಜಾಸ್ತಿ ಬೇಕಾದರೆ ಬೇರೆ ದುಡ್ಡು. ಒಳಗಿನ ಪೆಟ್ಟಿಗೆ ಯಾವುದರದ್ದು ಅಂತ ಕೇಳಿದಾಗ "ಎಂಜಿನಿಯರ್ಡ್ ವುಡ್" ಅಂದರು. ಅಂದರೆ ಏನು ಅಂತ ಮತ್ತೆ ಮತ್ತೆ ಕೇಳಿದ ಮೇಲೆ ಗೊತ್ತಾಯಿತು, ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್. ಒಣಗಿದ ಗೋಡೆ ಇದ್ದವರಿಗೆ ಅದೂ ನಡೆಯುತ್ತದೆ. ನಮ್ಮ ಗೋಡೆಯ ಆ ಕಡೆ ಬಾತ್‌ರೂಮು, ಅದಕ್ಕೆ ನಂಗೆ ಧೈರ್ಯ ಬರಲಿಲ್ಲ.

ಎರಡನೆಯವರು ಒಬ್ಬ ಕಂಟ್ರಾಕ್ಟರ್. ಚದರಡಿಗೆ 650 ರೂಪಾಯಿ, ಮೆಟೀರಿಯಲ್ ಸೇರಿ. ಕೇಳಿದ ತಕ್ಷಣ ಖುಷಿಯಾಗಿಬಿಟ್ಟಿತು. 66.5 ಚದರಡಿ ಗುಣಿಸು 650, ನಲವತ್ತಮೂರು ಸಾವಿರ ಚಿಲ್ಲರೆ! ಯಜಮಾನರಿಗೆ ಫೋನ್ ಮಾಡಿ ಹೇಳಿಯೂ ಬಿಟ್ಟೆ. ಸಂಜೆ ಆ ಮನುಷ್ಯ ಚೀಟಿ ಕಳಿಸಿದರು, ಅದರಲ್ಲಿ ಕೆಳಗಿನ ಭಾಗಕ್ಕೇ 219 ಚದರಡಿ ಅಂತ ಇತ್ತು, 1,42,350 ರೂಪಾಯಿ. ತಪ್ಪಾಗಿರಬೇಕು ಅಂತ ಫೋನ್ ಮಾಡಿದೆ. ತಪ್ಪೇನೂ ಆಗಿರಲಿಲ್ಲ. ಅವರು ಅಳೆಯುವುದು ಎದುರಿನಿಂದ ಕಾಣುವ ಅಗಲ ಎತ್ತರ ಅಲ್ಲ, ಕಬೋರ್ಡ್‌ಗೆ ಹೋಗುವ ಒಂದೊಂದು ಹಲಗೆಯನ್ನೂ. ಬಾಗಿಲು 49, ಹಿಂಬದಿ 49, ಎರಡು ಪಕ್ಕ ಸೇರಿ 28, ಮೇಲೆ ಕೆಳಗೆ 28, ಒಳಗಿನ ಎರಡು ಅಡ್ಡಗೋಡೆ 28, ಎಂಟು ಶೆಲ್ಫ್ 37. ಕೂಡಿಸಿ ನೋಡಿ, 219 ಬರುತ್ತದೆ.

ದಯವಿಟ್ಟು ಇದೊಂದನ್ನು ನೆನಪಿಟ್ಟುಕೊಳ್ಳಿ. ಚದರಡಿಗೆ ಎಷ್ಟು ಅಂತ ಕೇಳುವುದಕ್ಕಿಂತ ಮುಂಚೆ ಯಾವ ಚದರಡಿ ಅಂತ ಕೇಳಿ. ಎದುರಿನ ಅಳತೆಯೋ, ಹಲಗೆ ಹಲಗೆಯ ಅಳತೆಯೋ? ಲಾಫ್ಟ್ ಸೇರಿದೆಯೋ ಇಲ್ಲವೋ? ಡ್ರಾಯರ್ ಲೆಕ್ಕ ಬೇರೆಯೋ? ಜಿಎಸ್‌ಟಿ ಒಳಗೋ ಹೊರಗೋ? ಇಷ್ಟಕ್ಕೆ ಉತ್ತರ ಸಿಗದೆ 650 ಕಡಿಮೆ, 1,750 ಜಾಸ್ತಿ ಅಂತ ಹೇಳುವುದಕ್ಕೇ ಆಗುವುದಿಲ್ಲ.

ಮೂರನೆಯವರು ನಮ್ಮ ರಸ್ತೆಯಲ್ಲೇ ಇಬ್ಬರ ಮನೆಗೆ ಕೆಲಸ ಮಾಡಿದ್ದ ಆಚಾರ್ರು. ಐವತ್ತೈದು ದಾಟಿದ ವಯಸ್ಸು, ಜೊತೆಗೆ ಇಬ್ಬರು ಹುಡುಗರು. ಅವರು ಕೂಲಿ ಮಾತ್ರ ಹೇಳಿದರು. ಎದುರಿನ ಅಳತೆಗೆ ಚದರಡಿಗೆ 450, ಸಾಮಾನು ನಮ್ಮದು. ಲಾಫ್ಟಿಗೂ ಅದೇ ರೇಟು. ಡ್ರಾಯರ್ ಒಂದಕ್ಕೆ 600 ಬೇರೆ. "ಸಾಮಾನು ನೀವೇ ತಂದ್ಕೊಡಿ ಮೇಡಂ, ಆಮೇಲೆ ಆ ಪ್ಲೈವುಡ್ ಹಾಕ್ದೆ ಈ ಪ್ಲೈವುಡ್ ಹಾಕ್ದೆ ಅಂತ ನಂಗೂ ಮಾತು ಬೇಡ" ಅಂದರು. ಅವರು ಮಾಡಿದ ಎರಡೂ ಮನೆಗೆ ಹೋಗಿ ನೋಡಿಕೊಂಡು ಬಂದೆ. ಒಂದು ಮನೆಯಲ್ಲಿ ಆರು ವರ್ಷದ ಹಿಂದಿನ ಕಬೋರ್ಡ್, ಬಾಗಿಲು ಒಂದಕ್ಕೊಂದು ಉಜ್ಜುತ್ತಿರಲಿಲ್ಲ. ಅವರಿಗೇ ಒಪ್ಪಿಸಿದೆವು. ಹೊಸ ಕೆಲಸ ನೋಡಬೇಡಿ, ಐದಾರು ವರ್ಷ ಹಳೇದು ನೋಡಿ. ಹೊಸದು ಎಲ್ಲರದ್ದೂ ಚೆನ್ನಾಗಿಯೇ ಇರುತ್ತದೆ.

ಮೂರನೇ ವಾರ ಕಡಪ ಕಲ್ಲು ತೆಗೆಸಿದೆವು. ಇಬ್ಬರು ಆಳು, ಒಂದು ದಿನ, 2,800. ಕಲ್ಲು ಮಣ್ಣು ಸಾಗಿಸಲು ಆಟೋಗೆ 1,500. ಧೂಳು ಇಡೀ ಮನೆಗೆ ಹರಡಿತು. ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿದ್ದರೂ ಅಡುಗೆಮನೆಯ ಡಬ್ಬಿಗಳ ಮೇಲೆಲ್ಲ ಬಿಳಿ ಪದರ ಕೂತಿತ್ತು. ಅಮ್ಮನಿಗೆ ಕೆಮ್ಮು ಹತ್ತಿಕೊಂಡಿತು. ಮನೆಯಲ್ಲಿ ವಯಸ್ಸಾದವರು, ಚಿಕ್ಕ ಮಕ್ಕಳು ಇದ್ದರೆ ಆ ಒಂದು ದಿನ ಬೇರೆಯವರ ಮನೆಗೆ ಕಳಿಸಿಬಿಡಿ.

ಕೆಳಗಿನ ಕಲ್ಲು ಎತ್ತಿದಾಗ ಹಿಂದಿನ ಗೋಡೆ ಕಪ್ಪಗೆ ಕಾಣಿಸಿತು. ಕೈ ಇಟ್ಟೆ, ತಣ್ಣಗೆ ಇತ್ತು. ಗಾರೆ ಉಗುರಿಗೇ ಉದುರಿ ಬಂತು. ಬಲಗಡೆ ಮೂಲೆಯಲ್ಲಿ ಗೆದ್ದಲಿನ ಮಣ್ಣಿನ ಗೆರೆ, ನೆಲದಿಂದ ಮೂರಡಿ ಮೇಲಕ್ಕೆ ಹೋಗಿತ್ತು. ನಂಗೆ ಅಲ್ಲೇ ಕೂತುಬಿಡೋಣ ಅನ್ನಿಸಿತು. ಆ ಕಂಪನಿಯವರ ಪೆಟ್ಟಿಗೆಯನ್ನು ಈ ಗೋಡೆಗೆ ಒರಗಿಸಿ ನಿಲ್ಲಿಸಿದ್ದರೆ ಎಷ್ಟು ದಿನ ಉಳಿಯುತ್ತಿತ್ತು?

ಗಾರೆ ಮೇಸ್ತ್ರಿ ಒಂದು ಸುಲಭದ ಪರೀಕ್ಷೆ ಹೇಳಿಕೊಟ್ಟರು. ಒಂದು ಚದರಡಿಯಷ್ಟು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಒಂದು ದಿನ ಬಿಡಬೇಕು. ಹಾಳೆಯ ಒಳಮೈಗೆ ನೀರಿನ ಹನಿ ಕಟ್ಟಿದರೆ ತೇವ ಗೋಡೆಯೊಳಗಿಂದ ಬರುತ್ತಿದೆ ಅಂತ ಅರ್ಥ. ನಮ್ಮ ಹಾಳೆಯ ತುಂಬ ಮರುದಿನ ಬೆಳಿಗ್ಗೆ ಸಣ್ಣ ಸಣ್ಣ ಹನಿ. ಬಾತ್‌ರೂಮ್ ಕಡೆಯಿಂದ ಟೈಲ್ಸ್ ಒಡೆಸಿದಾಗ ಕಾರಣ ಸಿಕ್ಕಿತು. ಬಿಸಿನೀರಿನ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಮೊಣಕೈ ತಿರುಗುವ ಜಾಗದಲ್ಲಿ ತುಕ್ಕು ಹಿಡಿದು ಒಸರುತ್ತಿತ್ತು. ಅಷ್ಟು ಉದ್ದಕ್ಕೆ ಬಿಸಿನೀರು ತಡೆಯುವ ಸಿಪಿವಿಸಿ ಪ್ಲಾಸ್ಟಿಕ್ ಪೈಪು ಹಾಕಿಸಿ, ಟೈಲ್ಸ್ ಕೂರಿಸಿ, ಪ್ಲಂಬರ್ ಕೂಲಿ ಸೇರಿ 6,800. ಗೆದ್ದಲಿಗೆ ನೆಲದಂಚಿನಲ್ಲಿ ತೂತು ಕೊರೆದು ಔಷಧಿ ಬಿಟ್ಟವರಿಗೆ 3,500.

ಆಮೇಲೆ ಕಾಯಬೇಕು. ಮಳೆಗಾಲ ಬೇರೆ. ಫ್ಯಾನ್ ಹಾಕಿ, ಕಿಟಕಿ ತೆಗೆದು, ಇಪ್ಪತ್ತು ದಿನ ಕಾದೆವು. ಪ್ರತಿ ನಾಲ್ಕು ದಿನಕ್ಕೆ ಒಂದು ಸಲ ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡುವುದು. ಅಮ್ಮ ಹಾಲಿನಲ್ಲಿ ದಿವಾನದ ಮೇಲೆ ಮಲಗುತ್ತಿದ್ದರು. ಟ್ರಂಕು ಅವರ ತಲೆದೆಸೆಯಲ್ಲಿ. ಬೆಳಿಗ್ಗೆ ಎಲ್ಲರೂ ಏಳುವ ಮುಂಚೆ ಎದ್ದು, ಶಬ್ದ ಆಗದ ಹಾಗೆ ಟ್ರಂಕಿನ ಮುಚ್ಚಳ ಎತ್ತಿ ಸೀರೆ ತೆಗೆದುಕೊಳ್ಳುತ್ತಿದ್ದರು. ಅದನ್ನು ಮಲಗಿದಲ್ಲಿಂದಲೇ ನೋಡುವಾಗ ನಂಗೆ ಹೊಟ್ಟೆಯೊಳಗೆ ಏನೋ ಆಗುತ್ತಿತ್ತು. ಇಷ್ಟು ವರ್ಷ ಇಡೀ ಮನೆ ನಡೆಸಿದವರು ಮಗಳ ಮನೆಯಲ್ಲಿ ನೆಂಟರ ಹಾಗೆ ಇರಬೇಕಾಯಿತಲ್ಲ ಅಂತ.

ಐದನೇ ಸಲಕ್ಕೆ ಹಾಳೆ ಒಣಗಿಯೇ ಇತ್ತು. ಅವತ್ತೇ ಮೇಸ್ತ್ರಿಗೆ ಫೋನ್ ಮಾಡಿದೆ. ಗೂಡಿನೊಳಗೆ ಗಾರೆ ಹಾಕಲು ಕೂಲಿ 3,200, ಸಿಮೆಂಟು ಮರಳು 900. ಗಾರೆ ಒಣಗಲು ಮತ್ತೆ ಒಂದು ವಾರ. ಇಲ್ಲಿ ಒಂದು ಮಾತು. ಆಚಾರ್ರು ಮೊದಲೇ ಬಂದು ಅಳತೆ ತೆಗೆದುಕೊಂಡು ಹೋಗಿದ್ದರು, ಆದರೆ ಗಾರೆ ಆದ ಮೇಲೆ ಮತ್ತೆ ಅಳೆಯದೆ ಒಂದು ಹಲಗೆಯನ್ನೂ ಕೊಯ್ಯಲಿಲ್ಲ. ತೂಕದ ಗುಂಡು ಬಿಟ್ಟು ನೋಡಿದರು, ಎಡಗಡೆ ಗೋಡೆ ಮೇಲಕ್ಕೆ ಹೋಗ್ತಾ ಮುಕ್ಕಾಲು ಇಂಚು ಒಳಗೆ ವಾಲಿತ್ತು. ಕೆಳಗೆ ಏಳಡಿ ಸರಿಯಾಗಿದೆ, ಮೇಲೆ ಮುಕ್ಕಾಲು ಇಂಚು ಕಡಿಮೆ. ಕೆಳಗಿನ ಅಳತೆಗೇ ಪೆಟ್ಟಿಗೆ ಮಾಡಿದ್ದರೆ ಒಳಗೇ ಹೋಗುತ್ತಿರಲಿಲ್ಲ. ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು, ಚಿಕ್ಕ ಅಳತೆಗೆ ಪೆಟ್ಟಿಗೆ ಮಾಡಿ, ಉಳಿದ ಸಂದಿಗೆ ಪಟ್ಟಿ ಹೊಡೆಯಬೇಕು.

ಇನ್ನೊಂದು ವಿಷಯವೂ ಇಲ್ಲೇ ಬಂತು. ಒಳಗಿನ ಹಂಚಿಕೆ ಹೇಗಿರಬೇಕು ಅಂತ ಆಚಾರ್ರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ ತೋರಿಸುತ್ತಿದ್ದರು. ಕಂಪನಿಯವರು ಕೊಟ್ಟ ಚಿತ್ರವನ್ನೇ ನಾನು ಇಟ್ಟುಕೊಂಡಿದ್ದೆ, ಎರಡು ಕಡೆ ಹ್ಯಾಂಗರ್ ಹಾಕುವ ರಾಡು, ನಡುವೆ ಶೆಲ್ಫು. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು "ನಂಗ್ಯಾಕಮ್ಮ ಹ್ಯಾಂಗರು? ಸೀರೆ ಮಡಿಚಿಡೋಕೆ ಜಾಗ ಕೊಟ್ರೆ ಸಾಕು" ಅಂದರು. ಆಗ ಅವರನ್ನು ಗೋಡೆಗೆ ನಿಲ್ಲಿಸಿ ಕೈ ಎತ್ತಿಸಿದೆವು. ನಾಲ್ಕಡಿ ಹತ್ತಿಂಚು ಎತ್ತರ ಅವರು, ಬಲಗೈ ಭುಜದ ನೋವಿನಿಂದ ಪೂರ್ತಿ ಮೇಲೆ ಹೋಗುವುದಿಲ್ಲ. ನೋಯದೆ ಕೈ ತಲುಪಿದ್ದು ನಾಲ್ಕೂವರೆ ಅಡಿಗೆ. ಆಚಾರ್ರು ಅಲ್ಲೇ ಪೆನ್ಸಿಲ್ ಗುರುತು ಹಾಕಿದರು. ಬಗ್ಗುವುದೂ ಕಷ್ಟ, ಹಾಗಾಗಿ ದಿನಾ ಬೇಕಾಗುವುದೆಲ್ಲ ನೆಲದಿಂದ ಎರಡಡಿಗೂ ನಾಲ್ಕೂವರೆ ಅಡಿಗೂ ನಡುವೆ ಬರುವ ಹಾಗೆ ಬದಲಾಯಿಸಿದೆವು. ರಾಡು ಎರಡರ ಬದಲು ಒಂದು ಸಾಕಿತ್ತು, ಆದರೆ ಎರಡನ್ನೂ ಆಗಲೇ ತಂದಾಗಿತ್ತು, ಇನ್ನೊಂದನ್ನು ನಮ್ಮ ರೂಮಿಗೆ ಹಾಕಿಸಿಕೊಂಡೆವು. ಮಡಿಚಿದ ರೇಷ್ಮೆ ಸೀರೆ ಒಂದನ್ನು ತಂದು ಅಳೆದರೆ ಹದಿನಾಲ್ಕು ಇಂಚು ಉದ್ದ, ಹತ್ತು ಇಂಚು ಅಗಲ. ಅಂದರೆ ಬರೀ ಮಡಿಚಿಡುವವರಿಗೆ ಒಂದೂವರೆ ಅಡಿ ಆಳವೇ ಸಾಕು. ಎರಡಡಿ ಬೇಕಾಗುವುದು ಹ್ಯಾಂಗರ್ ಅಡ್ಡ ನಿಲ್ಲಬೇಕು ಅನ್ನುವುದಕ್ಕೆ. ಈ ಮಾತನ್ನು ಅಮ್ಮನ ಹತ್ತಿರ ಮೊದಲ ದಿನವೇ ಕೇಳಿದ್ದರೆ ಪೆಟ್ಟಿಗೆಯ ಆಳ ಕಡಿಮೆ ಮಾಡಿ ಪ್ಲೈವುಡ್ ಉಳಿಸಬಹುದಿತ್ತು, ರೂಮಿನಲ್ಲಿ ಅರ್ಧ ಅಡಿ ಜಾಗವೂ ಉಳಿಯುತ್ತಿತ್ತು. ಯಾರಿಗಾಗಿ ಮಾಡಿಸುತ್ತಿದ್ದೆವೋ ಅವರನ್ನೇ ಕೇಳಿರಲಿಲ್ಲ, ಅದಕ್ಕೆ ಈಗಲೂ ಬೇಜಾರಿದೆ. ಆದರೂ ಹೊದಿಕೆ, ದಿಂಬು, ಅಳಿಯನ ಕೋಟು ಎಲ್ಲ ಬರುತ್ತವೆ ಅಂತ ಅಮ್ಮನೇ ಎರಡಡಿ ಇರಲಿ ಅಂದರು.

ಎಂಟನೇ ವಾರ ಪ್ಲೈವುಡ್ ತರಲು ಹೊರಟೆ. ಆಚಾರ್ರು ಕೊಟ್ಟ ಚೀಟಿಯಲ್ಲಿ 18 ಎಂಎಂ ಪ್ಲೈವುಡ್ ಒಂಬತ್ತು ಶೀಟ್ ಅಂತ ಇತ್ತು. ನಂಗೆ ಯಾಕೋ ಸಮಾಧಾನ ಆಗಲಿಲ್ಲ. ಮಗಳ ಗಣಿತದ ಚೌಕುಳಿ ಪುಸ್ತಕ ತಗೊಂಡು ಕೂತೆ. ಒಂದು ಶೀಟು ಎಂಟಡಿಗೆ ನಾಲ್ಕಡಿ, ಅಂದರೆ 96 ಇಂಚಿಗೆ 48. ಒಂದು ಚೌಕ ಎರಡು ಇಂಚು ಅಂತ ಇಟ್ಟುಕೊಂಡು ಒಂದೊಂದು ಶೀಟನ್ನೂ ಬರೆದು ಹಲಗೆಗಳನ್ನು ಜೋಡಿಸುತ್ತಾ ಹೋದೆ. ಪಕ್ಕದ್ದು ಎರಡು, ಅಡ್ಡಗೋಡೆ ಎರಡು, ಈ ನಾಲ್ಕಕ್ಕೆ ಎರಡು ಶೀಟು. ಮೇಲೆ ಕೆಳಗೆ ಸೇರಿ ಒಂದು. ಹದಿನಾಲ್ಕು ಇಂಚಿನ ಆರು ಬಾಗಿಲಿಗೆ ಎರಡು, ಯಾಕೆಂದರೆ 48 ಇಂಚಿನಲ್ಲಿ ಹದಿನಾಲ್ಕರದ್ದು ಮೂರು ಕೂರುತ್ತದೆ. ಶೆಲ್ಫು ಆರು ಒಂದು ಶೀಟಿನಲ್ಲಿ. ಉಳಿದ ಎರಡು ಶೆಲ್ಫು, ಲಾಫ್ಟಿನ ಆರು ಚಿಕ್ಕ ಬಾಗಿಲು ಕೊನೆಯ ಶೀಟಿನಲ್ಲಿ. ಏಳು! ಲಾಫ್ಟಿನ ಫ್ರೇಮಿಗೆ, ಡ್ರಾಯರ್ ಮುಖಕ್ಕೆ ಉಳಿದ ಪಟ್ಟಿಗಳೇ ಸಾಕು. ಆಚಾರ್ರಿಗೆ ತೋರಿಸಿದೆ. ಪುಸ್ತಕ ತಿರುಗಿಸಿ ತಿರುಗಿಸಿ ನೋಡಿ "ಗರಗಸದ ಬಾಯಿಗೂ ಸ್ವಲ್ಪ ಬಿಡ್ಬೇಕು ಮೇಡಂ, ಆದ್ರೂ ಆಗತ್ತೆ" ಅಂದರು. ಬಾಗಿಲು ಹದಿನಾಲ್ಕು ಇಂಚಿಗೆ ಸ್ವಲ್ಪ ಕಡಿಮೆಯೇ ಇರುವುದರಿಂದ ಅದಕ್ಕೂ ಜಾಗ ಸಿಕ್ಕಿತು. ಎರಡು ಶೀಟು ಅಂದರೆ ಜಿಎಸ್‌ಟಿ ಸೇರಿ ಒಂಬತ್ತು ಸಾವಿರದ ಹತ್ತಿರ. ಒಂದು ಸಂಜೆ ಕೂತರೆ ಸಾಕು, ದಯವಿಟ್ಟು ನೀವೂ ಬರೆದು ನೋಡಿ.

ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನಲ್ಲಿ ನಾಲ್ಕು ಅಂಗಡಿ ತಿರುಗಿದೆ. ಪ್ಲೈವುಡ್‌ನಲ್ಲಿ ನಮ್ಮಂಥವರು ತಿಳಿದುಕೊಳ್ಳಬೇಕಾದದ್ದು ಎರಡು ಐಎಸ್ (ಭಾರತೀಯ ಗುಣಮಟ್ಟದ) ನಂಬರು. ಐಎಸ್ 303 ಅಂದರೆ ಮಾಮೂಲಿ ಕಮರ್ಷಿಯಲ್ ಅನ್ನುವ ಸಾಲು. ಐಎಸ್ 710 ಅಂದರೆ ಮರೈನ್, ಕುದಿಯುವ ನೀರಿನಲ್ಲಿ 72 ಗಂಟೆ ಹಾಕಿದರೂ ಅಂಟು ಬಿಡಬಾರದು ಅನ್ನುವ ಪರೀಕ್ಷೆ ಅದಕ್ಕಿದೆ. ಒಂದು ಅಂಗಡಿಯಲ್ಲಿ "ಇದೂ 710 ಕ್ವಾಲಿಟಿನೇ" ಅಂತ ಕಡಿಮೆ ರೇಟಿಗೆ ತೋರಿಸಿದರು. ಶೀಟಿನ ಮೇಲೆ ಐಎಸ್‌ಐ ಮುದ್ರೆ ಇರಲಿಲ್ಲ. ಮುದ್ರೆಯ ಜೊತೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು, ಅದನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾವ ಕಂಪನಿಯದ್ದು, ಯಾವ ಮಾಲಿಗೆ ಕೊಟ್ಟದ್ದು ಅಂತ ಬರುತ್ತದೆ. ಅಂಗಡಿಯಲ್ಲೇ ನಿಂತು ನೋಡಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಶೀಟಿನ ಅಂಚನ್ನೂ ನೋಡಿ. ಒಳ್ಳೇದರಲ್ಲಿ ಪದರಗಳು ಒತ್ತಾಗಿ, ಸಮವಾಗಿ ಕಾಣುತ್ತವೆ. ಇನ್ನೊಂದರಲ್ಲಿ ನಡುನಡುವೆ ಬೆಂಕಿಕಡ್ಡಿ ಹೋಗುವಷ್ಟು ಸಂದಿ ಇತ್ತು.

ನಾನು ತಗೊಂಡದ್ದು ಹೀಗೆ. 18 ಎಂಎಂ 710 ಚದರಡಿಗೆ 118 ರೂಪಾಯಿ, ಏಳು ಶೀಟಿಗೆ 26,432. ಡ್ರಾಯರಿಗೆ 12 ಎಂಎಂ ಒಂದು ಶೀಟು 2,816. ಹಿಂಬದಿಗೆ 6 ಎಂಎಂ ಎರಡು ಶೀಟು 3,520. ಜಿಎಸ್‌ಟಿ ಸೇರಿ 38,666. ರೇಟು ಹೇಳುವಾಗ ಜಿಎಸ್‌ಟಿ ಬಿಟ್ಟೇ ಹೇಳುತ್ತಾರೆ, ಬಿಲ್ಲು ಹಾಕುವಾಗ ಸೇರುತ್ತದೆ. ಬಿಲ್ಲು ಬೇಡ ಅಂದರೆ ಕಡಿಮೆ ಮಾಡುತ್ತೇವೆ ಅಂದರು, ನಾನು ಬಿಲ್ಲೇ ತಗೊಂಡೆ, ಗ್ಯಾರಂಟಿ ಕೇಳಬೇಕಾದರೆ ಕೈಯಲ್ಲಿ ಕಾಗದ ಇರಬೇಕಲ್ವಾ. ಉಳಿದ ಪೂರ್ತಿ ಶೀಟನ್ನು ವಾಪಸ್ ತಗೋತೀರಾ ಅಂತ ಕೇಳಿ ಅದನ್ನೂ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಮೈಕಾ, ಅಂದರೆ ಪ್ಲೈವುಡ್ ಮೇಲೆ ಅಂಟಿಸುವ ತೆಳು ಲ್ಯಾಮಿನೇಟ್ ಹಾಳೆ, ನನ್ನ ಲೆಕ್ಕವನ್ನೇ ತಲೆಕೆಳಗು ಮಾಡಿತು. ಹೊರಗಿನ ಬಾಗಿಲಿಗೆ 1 ಎಂಎಂ ಮೈಕಾ ಮೂರು ಶೀಟು, 1,650ರ ಹಾಗೆ 4,950. ಇಷ್ಟೇ ಅಂದುಕೊಂಡಿದ್ದೆ. ಒಳಗಡೆಗೂ ಮೈಕಾ ಬೇಕು. ಶೆಲ್ಫಿಗೆ ಎರಡೂ ಕಡೆ, ಅಡ್ಡಗೋಡೆಗೆ ಎರಡೂ ಕಡೆ, ಬಾಗಿಲಿನ ಒಳಮೈ, ಹಿಂಬದಿ, ಪಕ್ಕದ ಮತ್ತು ಮೇಲೆ ಕೆಳಗಿನ ಹಲಗೆಯ ಒಳಮೈ. ಎಲ್ಲ ಕೂಡಿಸಿದರೆ 300 ಚದರಡಿ ದಾಟುತ್ತದೆ. 0.8 ಎಂಎಂದು ಹನ್ನೊಂದು ಶೀಟು, 750ರ ಹಾಗೆ 8,250. ಬಾಗಿಲಿನ ಒಳಗೆ ಮೈಕಾ ಬಿಟ್ಟು ಬಣ್ಣ ಹೊಡೆದರೆ ಉಳಿಯುತ್ತದಲ್ಲ ಅಂತ ಕೇಳಿದೆ. ಒಂದೇ ಕಡೆ ಮೈಕಾ ಅಂಟಿಸಿದರೆ ಏಳಡಿ ಬಾಗಿಲು ಕಮಾನಿನ ಹಾಗೆ ಬಾಗುತ್ತದೆ ಅಂದರು ಆಚಾರ್ರು. ಜಿಎಸ್‌ಟಿ ಸೇರಿ ಮೈಕಾಗೆ 15,576. ಅಂಟು ಇಪ್ಪತ್ತು ಕಿಲೋ 4,700.

ಉಳಿದ ಸಾಮಾನು, ಅಂದರೆ ಮೆತ್ತಗೆ ಮುಚ್ಚುವ ಹಿಂಜ್ 36, ಡ್ರಾಯರ್ ಚಾನೆಲ್ ನಾಲ್ಕು ಜೊತೆ, ಹಿಡಿ ಹನ್ನೆರಡು, ಬೀಗ, ರಾಡು, ಸ್ಕ್ರೂ, ಅಂಚಿನ ಪಟ್ಟಿ, ಎಲ್ಲ ಸೇರಿ 14,980. ಇಲ್ಲಿ ಒಂದು ದಿನ ವ್ಯರ್ಥವಾಯಿತು. ಹಿಂಜಿನಲ್ಲೂ ಬಗೆ ಇದೆ. ಕೊನೆಯ ಹಲಗೆಗೆ ಕೂರುವ ಬಾಗಿಲಿಗೆ ಜೀರೋ ಕ್ರ್ಯಾಂಕ್, ನಡುವಿನ ಒಂದೇ ಹಲಗೆಯನ್ನು ಎರಡು ಬಾಗಿಲು ಹಂಚಿಕೊಳ್ಳುವ ಕಡೆ ಎಂಟರ ಕ್ರ್ಯಾಂಕ್. ನಾನು 36ನ್ನೂ ಜೀರೋ ತಂದಿದ್ದೆ. ಬೇಕಿದ್ದದ್ದು ಹನ್ನೆರಡು ಮಾತ್ರ. ಡಬ್ಬಿ ಒಡೆದಿರಲಿಲ್ಲ, ಅಂಗಡಿಯವರು ಬದಲಾಯಿಸಿ ಕೊಟ್ಟರು.

ಗಾಡಿ ಬಾಡಿಗೆ, ಹಮಾಲಿ ಸೇರಿ 2,300. 18 ಎಂಎಂ ಶೀಟು ಒಂದೊಂದೂ ಮೂವತ್ತು ಕಿಲೋಗಿಂತ ಜಾಸ್ತಿ ತೂಕ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಮೊದಲೇ ಕೇಳಿಕೊಳ್ಳಿ, ಎಂಟಡಿ ಶೀಟು ಎಷ್ಟೋ ಲಿಫ್ಟಿನಲ್ಲಿ ಹಿಡಿಯುವುದಿಲ್ಲ, ಮೆಟ್ಟಿಲಲ್ಲಿ ಹೊತ್ತರೆ ಮಹಡಿಗೆ ಇಷ್ಟು ಅಂತ ಕೇಳುತ್ತಾರೆ. ಮನೆಗೆ ಬಂದ ಶೀಟನ್ನು ಗೋಡೆಗೆ ಒರಗಿಸಿಡಬೇಡಿ. ನೆಲದ ಮೇಲೆ ಮೂರು ರೀಪರ್ (ಮರದ ಪಟ್ಟಿ) ಹಾಕಿ ಅದರ ಮೇಲೆ ಮಲಗಿಸಿಡಿ, ಇಲ್ಲದಿದ್ದರೆ ಬಾಗುತ್ತದೆ.

ಹನ್ನೆರಡು ದಿನದ ಕೆಲಸ ಅಂದಿದ್ದರು, ಇಪ್ಪತ್ತನಾಲ್ಕು ದಿನ ಆಯಿತು. ಐದು ದಿನ ಬಂದರು, ಪೆಟ್ಟಿಗೆ ನಿಂತಿತು, ಆಮೇಲೆ ಒಂದು ವಾರ ಸುಳಿವೇ ಇಲ್ಲ. ಬೇರೆ ಕಡೆ ಅಡುಗೆಮನೆ ಕೆಲಸ ಒಪ್ಪಿಕೊಂಡಿದ್ದರಂತೆ, ಅಲ್ಲಿ ಗೃಹಪ್ರವೇಶ ಇತ್ತಂತೆ. ದಿನಾ ಫೋನ್, ದಿನಾ "ನಾಳೆ ಬರ್ತೀವಿ ಮೇಡಂ". ಕೊನೆಗೆ ನಾನೇ ಅವರಿರುವ ಕಡೆ ಹೋಗಿ ನಿಂತೆ. ಜಗಳ ಆಡಲಿಲ್ಲ. "ಆಚಾರ್ರೇ, ಅಮ್ಮ ಎರಡು ತಿಂಗಳಿಂದ ಹಾಲಿನಲ್ಲಿ ಮಲಗ್ತಿದ್ದಾರೆ" ಅಂದೆ ಅಷ್ಟೇ. ಮರುದಿನ ಎಂಟು ಗಂಟೆಗೆ ಬಂದರು. ಆದರೂ ನಂಗೆ ಧೈರ್ಯ ಇದ್ದದ್ದು ದುಡ್ಡು ಕೊಟ್ಟ ರೀತಿಯಿಂದ. ಶುರುವಿಗೆ 8,000, ಪೆಟ್ಟಿಗೆ ನಿಂತ ಮೇಲೆ 10,000, ಬಾಗಿಲು ಕೂತ ಮೇಲೆ 8,000, ಉಳಿದದ್ದು ಬೀಗ ತಿರುಗಿಸಿ ನೋಡಿದ ಮೇಲೆ. ಕೆಲಸಕ್ಕಿಂತ ದುಡ್ಡು ಮುಂದೆ ಹೋಗದ ಹಾಗೆ ನೋಡಿಕೊಳ್ಳಿ.

ಮೈಕಾ ಅಂಟಿಸುವ ದಿನ ಮಾತ್ರ ಪಕ್ಕದಲ್ಲೇ ಇರಿ. ಅಂಟು ಬಳಿದು, ಮೈಕಾ ಹಾಕಿ, ಬಾಗಿಲುಗಳನ್ನು ಒಂದರ ಮೇಲೆ ಒಂದು ಪೇರಿಸಿ, ಮೇಲೆ ತೂಕ ಹೇರಿ ರಾತ್ರಿ ಪೂರ್ತಿ ಬಿಡಬೇಕು. ನಮ್ಮಲ್ಲಿ ಉಳಿದಿದ್ದ ಕಡಪ ಕಲ್ಲುಗಳನ್ನೇ ಹೇರಿದರು. ಬೆಳಿಗ್ಗೆ ಆಚಾರ್ರು ಒಂದೊಂದು ಬಾಗಿಲನ್ನೂ ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದರು. ಎಲ್ಲ ಕಡೆ ಗಟ್ಟಿ ಶಬ್ದ, ಒಂದು ಬಾಗಿಲಿನ ಕೆಳಮೂಲೆಯಲ್ಲಿ ಮಾತ್ರ ಟೊಳ್ಳು. ಅಂಗೈಯಷ್ಟು ಜಾಗದಲ್ಲಿ ಗಾಳಿ ನಿಂತಿತ್ತು. ಅವರೇ ಕಂಡುಹಿಡಿದು, ಅವರೇ ಬಿಸಿ ಮಾಡಿ ಒತ್ತಿ ಸರಿ ಮಾಡಿದರು. ಕೂರಿಸಿದ ಮೇಲೆ ಕಂಡಿದ್ದರೆ ಆ ಮೈಕಾ ಪೂರ್ತಿ ಕೀಳಬೇಕಿತ್ತು.

ಹಿಂಬದಿಯ ಹಲಗೆಗೆ ಗೋಡೆ ಕಡೆಯಿಂದ ಎರಡು ಕೋಟು ಪ್ರೈಮರ್ ಹೊಡೆಸಿ, ಗೋಡೆಗೆ ತಾಗದ ಹಾಗೆ ಅರ್ಧ ಇಂಚು ಬಿಡಿಸಿದೆ. ಒಂದು ಸ್ವಿಚ್ ಬೋರ್ಡು ಕಬೋರ್ಡ್ ಹಿಂದೆ ಹೋಗುತ್ತಿತ್ತು, ಅದನ್ನು ಪಕ್ಕಕ್ಕೆ ತರಲು ಎಲೆಕ್ಟ್ರಿಷಿಯನ್‌ಗೆ 1,400. ಸುತ್ತಲಿನ ಗೋಡೆಗೆ, ಹಲಗೆಗೆ ಬಣ್ಣ ಪ್ರೈಮರ್ 2,500. ಕೂಲಿ 30,000, ನಾಲ್ಕು ಡ್ರಾಯರಿಗೆ 2,400.

ಹೀಗೆ ಕಬೋರ್ಡ್‌ಗೇ ಹೋದದ್ದು 1,08,622. ಗೋಡೆ, ಪೈಪು, ಗೆದ್ದಲು, ವೈರು, ಬಣ್ಣಕ್ಕೆ 22,600. ಕಂಪನಿಯವರು ಹೇಳಿದ್ದು 1,23,900, ಗೋಡೆ ಖರ್ಚು ಬಿಟ್ಟು. ಅದೂ ಸೇರಿದ್ದರೆ 1,46,500 ಆಗುತ್ತಿತ್ತು, ಪಾರ್ಟಿಕಲ್ ಬೋರ್ಡಿಗೆ. ಹದಿನೈದು ಸಾವಿರ ಉಳಿಯಿತು, 710 ಪ್ಲೈವುಡ್ ಸಿಕ್ಕಿತು. ಅದಕ್ಕೆ ಬದಲಾಗಿ ನಾನು ಏಳು ದಿನ ರಜೆ ಹಾಕಿದ್ದೇನೆ, ಅಂಗಡಿ ಸುತ್ತಿದ್ದೇನೆ, ಆಚಾರ್ರ ಹಿಂದೆ ಬಿದ್ದಿದ್ದೇನೆ. ರಜೆ ಸಿಗದವರು, ಮನೆಯಲ್ಲಿ ನಿಂತು ನೋಡುವವರು ಇಲ್ಲದವರು ಕಂಪನಿಗೇ ಕೊಡುವುದು ತಪ್ಪಲ್ಲ. ಆದರೆ ಪೆಟ್ಟಿಗೆ ಯಾವುದರದ್ದು ಅಂತ ಕಾಗದದ ಮೇಲೆ ಬರೆಸಿಕೊಳ್ಳಿ, ಗೋಡೆಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡಿದ ಮೇಲೇ ಮುಂಗಡ ಕೊಡಿ. ಬಜೆಟ್‌ನಲ್ಲಿ ಗೋಡೆಗೆ ಅಂತಲೇ ಐದರಲ್ಲಿ ಒಂದು ಪಾಲು ಬೇರೆ ಇಟ್ಟುಕೊಳ್ಳಿ, ಹಳೇ ಮನೆಯಾದರೆ ಖಂಡಿತ ಬೇಕಾಗುತ್ತದೆ.

ಮುಗಿದ ಮೇಲೂ ಅಂಟಿನ ವಾಸನೆ ಕಣ್ಣು ಉರಿಯುವಷ್ಟು ಇತ್ತು. ಬಾಗಿಲು, ಡ್ರಾಯರ್ ಎಲ್ಲ ತೆಗೆದಿಟ್ಟು ಒಂದು ವಾರ ಬಿಟ್ಟೆವು. ಗಣೇಶನ ಹಬ್ಬಕ್ಕೆ ಎರಡು ದಿನ ಮುಂಚೆ ಅಮ್ಮ ಟ್ರಂಕು ತೆಗೆದು ಕೂತರು. ಸೀರೆಗಳನ್ನೆಲ್ಲ ಅಪ್ಪನ ಹಳೇ ಬಿಳಿ ಪಂಚೆಯಲ್ಲಿ ಸುತ್ತಿಟ್ಟಿದ್ದರು, ನಡುನಡುವೆ ನುಸಿ ಗುಳಿಗೆ, ಒಣಗಿದ ಬೇವಿನೆಲೆ. ಒಂದೊಂದನ್ನೇ ಕೊಡವಿ, ಮಡಿಕೆ ಬದಲಾಯಿಸಿ, ಪೆನ್ಸಿಲ್ ಗುರುತಿನ ಕೆಳಗಿನ ಶೆಲ್ಫಿನಲ್ಲಿ ಇಟ್ಟರು. ಪಂಚೆಯನ್ನು ಮಡಿಚಿ ಮೇಲಿನ ಡ್ರಾಯರಿನಲ್ಲಿ ಇಟ್ಟು ಬೀಗ ತಿರುಗಿಸಿದರು. ಟ್ರಂಕು 26 ಇಂಚು ಅಗಲ, ಲಾಫ್ಟಿನ ಒಂದು ಭಾಗ 28 ಇಂಚು. ಹಲಗೆ ಕೂರಿಸುವ ಮುಂಚೆಯೇ ಅದನ್ನು ಅಳೆದಿಟ್ಟುಕೊಂಡಿದ್ದೆವು. ಯಜಮಾನರು ಏಣಿ ಹತ್ತಿ ಒಳಗೆ ತಳ್ಳಿದರು, ಸಲೀಸಾಗಿ ಹೋಯಿತು.

ಎರಡು ದಿನದ ಹಿಂದಿನ ಮಳೆಗೆ ಮೂರನೇ ಬಾಗಿಲು ಸ್ವಲ್ಪ ಉಜ್ಜುತ್ತಿದೆ. ಹಿಂಜಿನಲ್ಲಿರುವ ಮುಂದಿನ ಸ್ಕ್ರೂ ಅರ್ಧ ಸುತ್ತು ತಿರುಗಿಸಿದರೆ ಸರಿ ಹೋಗುತ್ತೆ ಅಂದಿದ್ದಾರೆ ಆಚಾರ್ರು. ಭಾನುವಾರ ಬಂದು ನೋಡುತ್ತಾರಂತೆ.